ದಿನಕ್ಕೊಂದು ಪಾತಕ, ಮಧ್ಯಾಹ್ನದ ಮೇಲೆ ಪುಣ್ಯ

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ನಾಟಕ ಬರೆದ ಗಿಲ್ಬರ್ಟ್ ಮತ್ತು ಅದಕ್ಕೆ ಸಂಗೀತ ಕೂಡಿಸಿದ ಸಲಿವನ್ ಜೋಡಿಯ ಹೆಸರು ಕೇಳಿದವರಿಗೆ ಥಟ್ಟನೆ ನೆನಪಾಗುವುದು ‘ದಿ ಮಿಕಾಡೊ’. ‘ರಡಿಗೋರ್’ ಎಂದರೆ ಮುಖ ನೋಡುತ್ತಾರೆ. ನನ್ನ ಮಟ್ಟಿಗೆ ಅವರಿಬ್ಬರ ಹಾಸ್ಯ ಗೀತನಾಟಕಗಳಲ್ಲಿ ಇದರಷ್ಟು ತುಂಟತನ ಇನ್ನೊಂದರಲ್ಲಿಲ್ಲ. 1982ರಲ್ಲಿ ಬ್ರೆಂಟ್ ವಾಕರ್ ಸಂಸ್ಥೆ ಇದನ್ನು ಟಿವಿಗಾಗಿ ಚಿತ್ರೀಕರಿಸಿತು. ಆ ಚಿತ್ರದಲ್ಲಿ ಒಂದು ಪಾತ್ರಕ್ಕೆ ಆರಿಸಿದ ನಟ ಎಷ್ಟು ಸರಿಯಾದವನೆಂದರೆ, ಅದೊಂದಕ್ಕಾಗಿ ಉಳಿದ ತಪ್ಪುಗಳನ್ನೆಲ್ಲ ಮನ್ನಿಸಬಹುದು ಎಂಬುದು ನನ್ನ ವಾದ. ಸಂಗೀತ ಬಲ್ಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಬೇಡ.

ಕತೆ ಹೀಗಿದೆ. ಮಾಟಗಾತಿಯರನ್ನು ಬೇಟೆಯಾಡಿ ಸುಡುತ್ತಿದ್ದ ಮರ್ಗಟ್ರಾಯ್ಡ್ ವಂಶದ ಮೊದಲ ಬ್ಯಾರನೆಟ್‌ಗೆ, ಬೆಂಕಿಯಲ್ಲಿ ಬೇಯುತ್ತಿದ್ದ ಒಬ್ಬಳು ಶಾಪ ಹಾಕುತ್ತಾಳೆ: ವಂಶಪಾರಂಪರ್ಯವಾಗಿ ಈ ಬ್ಯಾರನೆಟ್ ಪದವಿಗೆ ಬಂದವನು ದಿನಕ್ಕೊಂದು ಅಪರಾಧ ಮಾಡಲೇಬೇಕು, ತಪ್ಪಿದರೆ ನರಳಿ ನರಳಿ ಸಾಯಬೇಕು. ಇದರಿಂದ ತಪ್ಪಿಸಿಕೊಳ್ಳಲು ವಂಶದ ಈಗಿನ ತಲೆಮಾರಿನ ಹಿರಿಯ ಮಗ ರುಥ್ವೆನ್ ತಾನು ಸತ್ತೆನೆಂದು ಊರನ್ನು ನಂಬಿಸಿ, ರಾಬಿನ್ ಎಂಬ ಹೆಸರಿನಲ್ಲಿ ಕಾರ್ನ್‌ವಾಲ್‌ನ ಒಂದು ಹಳ್ಳಿಯಲ್ಲಿ ಸಾಧು ರೈತನಾಗಿ ಬದುಕುತ್ತಿದ್ದಾನೆ. ಶಾಪ ತಮ್ಮ ಡೆಸ್ಪಾರ್ಡ್‌ನ ಹೆಗಲೇರಿದೆ. ಆ ಹಳ್ಳಿಯಲ್ಲಿ ಮದುಮಗಳ ಗೆಳತಿಯರ ಒಂದು ಖಾಯಂ ತಂಡವಿದೆ. ದಿನವೂ ಇಂತಿಷ್ಟು ಹೊತ್ತು ಡ್ಯೂಟಿ ಮೇಲಿರುವ ಇವರು ಎಲ್ಲಾದರೂ ಮದುವೆಯ ಸುಳಿವು ಸಿಕ್ಕರೆ ಸಾಕು, ಹಾಡಲು ಶುರು ಮಾಡುತ್ತಾರೆ. ನನಗೆ ಮೇಳ ಎಂದರೆ ಹೀಗಿರಬೇಕು.

ಡೆಸ್ಪಾರ್ಡ್‌ನ ಉಪಾಯ ಕೇಳಿ. ದಿನದ ಪಾತಕವನ್ನು ಬೆಳಿಗ್ಗೆಯೇ ಮುಗಿಸಿಬಿಡುತ್ತಾನೆ, ಉಳಿದ ಹೊತ್ತೆಲ್ಲ ಪುಣ್ಯಕಾರ್ಯ. ಒಂದು ದಿನ ಮಗು ಕದ್ದು ಅನಾಥಾಲಯ ಕಟ್ಟಿಸುತ್ತಾನೆ. ಮರುದಿನ ಬ್ಯಾಂಕ್ ದೋಚಿ ಬಿಷಪ್ ಪೀಠಕ್ಕೆ ದತ್ತಿ ಬಿಡುತ್ತಾನೆ. ಇಂಥ ಮಹನೀಯರನ್ನು ನೋಡಲು ವಿಕ್ಟೋರಿಯಾ ಕಾಲದ ಲಂಡನ್‌ಗೇ ಹೋಗಬೇಕಾಗಿಲ್ಲ ಬಿಡಿ.

1982ರ ಚಿತ್ರದಲ್ಲಿ ಈ ಪಾತ್ರ ಮಾಡಿದವನು ಭಯಾನಕ ಚಿತ್ರಗಳ ಖಳನೆಂದೇ ಹೆಸರಾದ ವಿನ್ಸೆಂಟ್ ಪ್ರೈಸ್. ಆಗ ಅವನಿಗೆ ಎಪ್ಪತ್ತು ದಾಟಿತ್ತು. ‘ಅಣ್ಣ’ ರಾಬಿನ್ ಆಗಿದ್ದ ಕೀತ್ ಮಿಷೆಲ್ ಅವನಿಗಿಂತ ಸುಮಾರು ಹದಿನೈದು ವರ್ಷ ಚಿಕ್ಕವನು. ಅಣ್ಣನಿಗಿಂತ ತಮ್ಮನೇ ಇಷ್ಟು ಮುದುಕನಾಗಿರುವುದು ಹೇಗೆ ಎಂದು ಕೇಳುವವರು ಗಿಲ್ಬರ್ಟನ ನಾಟಕಕ್ಕೆ ಬರಲೇಬಾರದು. ಅಷ್ಟಕ್ಕೂ ದಿನಕ್ಕೊಂದು ಪಾಪ ಮಾಡಿದವನು ಬೇಗ ಮುಪ್ಪಾಗದೆ ಇರುತ್ತಾನೆಯೇ?

ಪ್ರೈಸ್ ಹಾಡುಗಾರನಲ್ಲ, ಇಲ್ಲಿ ಹೆಚ್ಚುಪಾಲು ಮಾತಿನ ಲಯದಲ್ಲೇ ಸಾಗಿಸುತ್ತಾನೆ. ಆದರೆ ಅವನ ಹಿಂದಿನ ಚಿತ್ರಗಳನ್ನು ನೆನೆಸಿಕೊಳ್ಳಿ. 1960ರಲ್ಲಿ ರೋಜರ್ ಕಾರ್ಮನ್ ಎಡ್ಗರ್ ಆಲನ್ ಪೋ ಬರೆದ ಅಷರ್ ಮನೆತನದ ಕತೆಯನ್ನು ತೆರೆಗೆ ತಂದಾಗ, ರಾಡರಿಕ್ ಅಷರ್ ಆಗಿದ್ದವನು ಇದೇ ಪ್ರೈಸ್. ಅಲ್ಲಿ ಅವನು ಗೋಡೆಯ ಮೇಲಿನ ಪೂರ್ವಜರ ಚಿತ್ರಗಳನ್ನು ಅತಿಥಿಗೆ ಒಂದೊಂದಾಗಿ ತೋರಿಸುತ್ತ, ಯಾರು ಯಾವ ಪಾತಕ ಮಾಡಿದವರು ಎಂದು ನಡುಗುವ ದನಿಯಲ್ಲಿ ವಿವರಿಸುತ್ತಾನೆ. ರಕ್ತದಲ್ಲೇ ಬಂದ ಕೇಡು, ಶಾಪಗ್ರಸ್ತ ಮನೆ, ಗೋಡೆಗೆ ತೂಗುಹಾಕಿದ ಪಾಪಿಗಳು. ಇಪ್ಪತ್ತೆರಡು ವರ್ಷಗಳ ನಂತರ ಅದೇ ಮುಖ, ಅದೇ ದನಿ, ಅಂಥದ್ದೇ ಮನೆಗೆ ಬಂದಿದೆ, ಈ ಸಲ ನಗಿಸುವುದಕ್ಕೆ. ಗಿಲ್ಬರ್ಟ್ ಗೇಲಿ ಮಾಡಿದ್ದು ತನ್ನ ಕಾಲದ ಮೆಲೋಡ್ರಾಮಾವನ್ನು: ಕರಿ ಮೇಲಂಗಿಯ ಖಳ, ಮುಗ್ಧ ಹಳ್ಳಿಹುಡುಗಿ, ಎದೆಗಾರ ನಾವಿಕ. ಆ ಬಗೆಯ ನಾಟಕ ನೂರು ವರ್ಷಗಳಲ್ಲಿ ಮರೆತೇ ಹೋಗಿತ್ತು. ಅದರ ಜಾಗದಲ್ಲಿ ನಮಗೆ ಗೊತ್ತಿರುವ ಖಳನನ್ನು ತಂದು ನಿಲ್ಲಿಸಿದವರಿಗೆ ನಾಟಕದ ಮರ್ಮ ತಿಳಿದಿತ್ತು. ಸಂಗೀತ ಬಲ್ಲ ಗಾಯಕನೊಬ್ಬನನ್ನು ಹಾಕಿದ್ದರೆ ಪಾತ್ರದ ಸ್ವರ ಮಾತ್ರ ಸರಿಹೋಗುತ್ತಿತ್ತು.

ಅಣ್ಣ ಬದುಕಿರುವ ಗುಟ್ಟು ಬಯಲಾಗಿ ಶಾಪದಿಂದ ಬಿಡುಗಡೆಯಾದ ಡೆಸ್ಪಾರ್ಡ್, ಎರಡನೆಯ ಅಂಕದಲ್ಲಿ ಹಿಂದೆ ತಾನೇ ಕೈಬಿಟ್ಟಿದ್ದ ಹುಚ್ಚಿ ಮಾರ್ಗರೆಟ್‌ಳನ್ನು ಮದುವೆಯಾಗಿ, ಕಪ್ಪು ಬಟ್ಟೆ ತೊಟ್ಟು, ಶಾಲೆ ನಡೆಸುವ ಗೌರವಸ್ಥನಾಗಿ ಬರುತ್ತಾನೆ. ಆನ್ ಹೊವಾರ್ಡ್ ಜೊತೆ ಪ್ರೈಸ್ ಕುಣಿಯುವ ಆ ಯುಗಳಗೀತೆಯನ್ನು ಬೇಸರವಾದಾಗಲೆಲ್ಲ ಹಾಕಿಕೊಂಡು ನೋಡುತ್ತೇನೆ. ಮಾರ್ಗರೆಟ್‌ಗೆ ಮತ್ತೆ ಹುಚ್ಚು ಕೆರಳುವಂತಾದರೆ ಗಂಡ ‘ಬೇಸಿಂಗ್‌ಸ್ಟೋಕ್’ ಎಂಬ ಊರಿನ ಹೆಸರು ಹೇಳುತ್ತಾನೆ, ಅವಳು ತಣ್ಣಗಾಗುತ್ತಾಳೆ. ಯಾಕೆ ಅದೇ ಊರು ಎಂದರೆ ಕಾರಣವೇ ಇಲ್ಲ.

ಇನ್ನು ಚಿತ್ರ ಸೋಲುವ ಕಡೆ. ಪೂರ್ವಜರ ಪ್ರೇತಗಳು ಚಿತ್ರಪಟಗಳಿಂದ ಇಳಿದು ಬಂದು, ಈಗ ಬ್ಯಾರನೆಟ್ ಆಗಿ ಸಿಕ್ಕಿಬಿದ್ದಿರುವ ರಾಬಿನ್‌ನಿಂದ ಒಂದು ವಾರದ ಪಾತಕಗಳ ಲೆಕ್ಕ ಕೇಳುತ್ತವೆ. ಸೋಮವಾರ ಸಾರ್ವತ್ರಿಕ ರಜೆ. ಮಂಗಳವಾರ ಸುಳ್ಳು ಆದಾಯ ತೆರಿಗೆ ಲೆಕ್ಕ ಕೊಟ್ಟೆ ಎನ್ನುತ್ತಾನೆ. ಅದನ್ನು ಎಲ್ಲರೂ ಮಾಡುತ್ತಾರೆ, ಅಪರಾಧವೇ ಅಲ್ಲ ಎಂದು ಪ್ರೇತಗಳು ತಳ್ಳಿಹಾಕುತ್ತವೆ. ಶನಿವಾರ ಒಬ್ಬನೇ ಮಗನಿಗೆ ಆಸ್ತಿ ತಪ್ಪಿಸಿದೆ ಎನ್ನುತ್ತಾನೆ. ನಿನಗೆ ಮಗನೇ ಇಲ್ಲವಲ್ಲ? ಇನ್ನೂ ಹುಟ್ಟಿಲ್ಲ, ಸಮಯ ಉಳಿಯಲಿ ಎಂದು ಮೊದಲೇ ತಪ್ಪಿಸಿಟ್ಟೆ.

ಮಾತು ಇಷ್ಟು ಚುರುಕಾಗಿದ್ದರೂ ಈ ದೃಶ್ಯದ ಜೀವ ಇರುವುದು ರಂಗತಂತ್ರದಲ್ಲಿ. 1887ರ ಜನವರಿ 22ರಂದು ಮೊದಲ ಪ್ರದರ್ಶನ ನಡೆದದ್ದು ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ. 1881ರಲ್ಲಿ ತೆರೆದ ಆ ರಂಗಮಂದಿರ ಪೂರ್ತಿ ವಿದ್ಯುತ್ ದೀಪಗಳಿಂದಲೇ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡವೆಂದು ಹೆಸರಾದದ್ದು. ಪ್ರೇತಗಳು ಇಳಿಯುವ ಹೊತ್ತಿಗೆ ಅಲ್ಲಿ ದೀಪಗಳನ್ನೆಲ್ಲ ಆರಿಸಿಬಿಡುತ್ತಿದ್ದರು. ವಾದ್ಯವೃಂದಕ್ಕೆ ಕಾಣಲೆಂದು ಸಲಿವನ್ ಕೈಯಲ್ಲಿ ಗಾಜಿನ ಕೊಳವೆಯ ಕೋಲು, ಒಳಗೆ ಕೆಂಪಗೆ ಕಾದ ಪ್ಲಾಟಿನಂ ತಂತಿ. ಇಂಥ ಕೈಚಳಕದ ರುಚಿ ನಮ್ಮವರಿಗೂ ಗೊತ್ತು. ಇಂಗ್ಲಿಷ್ ರಂಗಭೂಮಿಯ ಚಿತ್ರಿತ ಪರದೆ, ಕಣ್ಣೆದುರೇ ಬದಲಾಗುವ ಸೀನುಗಳು ಪಾರ್ಸಿ ಕಂಪನಿಗಳನ್ನು ದಾಟಿ ಕನ್ನಡದ ಕಂಪನಿ ನಾಟಕಗಳಿಗೂ ಬಂದವು. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿದ್ದದ್ದು ದೇವರು ಪ್ರತ್ಯಕ್ಷನಾದ ಎಂದಲ್ಲ, ಹೇಗೆ ಮಾಡಿದರು ಎಂದು. ಟಿವಿಯಲ್ಲಿ ಪ್ರೇತ ಗೋಡೆಯಿಂದ ಇಳಿದರೆ ಯಾರಿಗೂ ಹಾಗೆ ಅನ್ನಿಸುವುದಿಲ್ಲ. ಕ್ಯಾಮೆರಾಕ್ಕೆ ಅದು ಎಡಗೈ ಕೆಲಸ.

ಮೊದಲ ರಾತ್ರಿಯ ಪ್ರೇಕ್ಷಕರಿಗೆ ಈ ಎರಡನೆಯ ಅಂಕವೇ ಹಿಡಿಸಲಿಲ್ಲ, ಕೊನೆಯಲ್ಲಿ ಕೂಗಾಟವಾಯಿತು, ಕೆಲವರು ‘ಮಿಕಾಡೊ’ವನ್ನೇ ಮತ್ತೆ ಕೊಡಿ ಎಂದರು. 672 ಪ್ರದರ್ಶನ ಕಂಡ ನಾಟಕದ ಬೆನ್ನಿಗೇ ಬಂದದ್ದು ಇದರ ದುರದೃಷ್ಟ. ಆದರೂ 288 ಪ್ರದರ್ಶನ ನಡೆದ ಇದನ್ನು ಸೋಲು ಎನ್ನುವುದು ಅನ್ಯಾಯ. ಗಿಲ್ಬರ್ಟ್‌ಗೇ ಪ್ರೇತಗಳ ದೃಶ್ಯದ ಸಂಗೀತ ಹಾಸ್ಯಕ್ಕೆ ತೀರ ಭಾರವಾಯಿತು ಎನ್ನಿಸಿತ್ತು. ಇಲ್ಲಿ ನಾನು ಸಲಿವನ್‌ನ ಪಕ್ಷ. ಪ್ರೇತಗಳು ನಿಜವಾಗಿ ಎದೆ ನಡುಗಿಸಿದ ಮೇಲೆಯೇ ಆದಾಯ ತೆರಿಗೆಯ ಮಾತಿಗೆ ನಗು ಬರುವುದು.

ಚಿತ್ರದಲ್ಲಿ ಆ ನಡುಕ ಸ್ವಲ್ಪವಾದರೂ ಉಳಿದಿದ್ದರೆ ಅದಕ್ಕೆ ಕಾರಣ ಅಲೆಕ್ಸಾಂಡರ್ ಫಾರಿಸ್ ನಡೆಸಿದ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಮತ್ತು ಆ ಪೂರ್ವಜರಲ್ಲೊಬ್ಬನಾದ ಸರ್ ರಾಡರಿಕ್‌ನ ಪ್ರೇತವಾದ ಡೊನಾಲ್ಡ್ ಆಡಮ್ಸ್. ಗಿಲ್ಬರ್ಟ್ ಮತ್ತು ಸಲಿವನ್ ನಾಟಕಗಳನ್ನು ಆಡುತ್ತಿದ್ದ ಡಾಯ್ಲಿ ಕಾರ್ಟ್ ಕಂಪನಿಯಲ್ಲಿ ವರ್ಷಗಟ್ಟಲೆ ಇದೇ ಪಾತ್ರ ಹಾಡಿದವನು ಅವನು. 1962ರಲ್ಲಿ ಆ ಕಂಪನಿ ಮಾಡಿದ ಧ್ವನಿಮುದ್ರಣದಲ್ಲೂ ರಾಡರಿಕ್ ಅವನೇ. ಸಂಗೀತಕ್ಕಾಗಿ ನನ್ನೊಡನೆ ಜಗಳಕ್ಕೆ ಬರುವವರು ಮೊದಲು ಅದನ್ನು ಕೇಳಿ, ಆಮೇಲೆ ಪ್ರೈಸ್‌ನನ್ನು ನೋಡಿ, ಆಮೇಲೆ ಕಾಮೆಂಟ್ ಹಾಕಿ.