ಭಾರಿ ಪವರಿನ ಇಂಜೆಕ್ಷನ್ನು

ಮಳೆಗಾಲದಲ್ಲಿ ಶಿರಸಿ ಸೀಮೆಯಲ್ಲಿ ಎರಡು ಜಾಸ್ತಿ: ಉಂಬಳ ಮತ್ತು ದನದ ಡಾಕ್ಟರು. ಉಂಬಳ ಕಾಲಿಗೆ ಹತ್ತುತ್ತದೆ, ಡಾಕ್ಟರು ಜಗಲಿಗೆ. ಆಕಳ ಕೆಚ್ಚಲು ಊದಿ ಬಿಸಿಯಾಗಿ ಹಾಲಲ್ಲಿ ಗಡ್ಡೆ ಕಂಡಿತೋ, ಮಧ್ಯಾಹ್ನದೊಳಗೆ ಊರಿಗೆ ಊರೇ ಆಸ್ಪತ್ರೆ. ಪಕ್ಕದ ಮನೆ ಭಾವ ಕೊಟ್ಟಿಗೆ ಮಾಡಿನ ಸಂದಿಯಿಂದ ಹೋದ ವರ್ಷದ ಆಂಟಿಬಯೋಟಿಕ್ ಔಷಧಿ ಎಳೆದು ಕೊಡುತ್ತಾರೆ. "ಅರ್ಧ ಉಳದಿತ್ತು, ಅಡ್ಡಿಲ್ಲೆ, ಇದೇ ಹಾಕು."

ಪಶುವೈದ್ಯರನ್ನೇ ಕರೆಯಬಹುದಲ್ವಾ? ಅವರು ಬಂದರೆ ಹಾಲಿನ ಪರೀಕ್ಷೆ ಮಾಡಿಸಿ, ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ನೋಡೋಣ ಅನ್ನುತ್ತಾರೆ. ಅಷ್ಟು ಪುರಸೊತ್ತು ಯಾರಿಗಿದೆ? ಪೇಟೆ ಅಂಗಡಿಯಲ್ಲಿ "ಕೆಚ್ಚಲು ಬಾವಿಗೆ ಭಾರಿ ಪವರಿನದ್ದು ಕೊಡಿ" ಅಂದರೆ ಮುಗಿಯಿತು. ಚೀಟಿ ಕೇಳಿದರೆ ಪಕ್ಕದ ಅಂಗಡಿ ಇದ್ದೇ ಇದೆ. ಔಷಧಿ ಮೇಲಿನ ಕೆಂಪು ಗೆರೆ ಚೀಟಿ ಇಲ್ಲದೆ ಕೊಡಬೇಡಿ ಅನ್ನುವುದಕ್ಕೆ. ನಮಗೆ ಅದೇ ಪವರಿನ ಗುರುತು.

ಎರಡನೇ ಸೂಜಿಗೆ ಬಾವು ಇಳಿಯುತ್ತದೆ. ಉಳಿದ ಔಷಧಿ ಮತ್ತೆ ಮಾಡಿನ ಸಂದಿಗೆ. ಕೆಚ್ಚಲ ಆಳದಲ್ಲಿ ಅಡಗಿ ಕೂರುವ ಸ್ಟಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಔಷಧಿಯ ರುಚಿ ನೋಡಿ ಗಟ್ಟಿಯಾಗುತ್ತದೆ. ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಅರೆಬರೆ ಡೋಸಿನ ಅಪಾಯ ಹೇಳಿದ್ದರು. ನಮ್ಮ ಭಾವನನ್ನು ನೋಡದೆ ಅವರಿಗೆ ಹೇಗೆ ಗೊತ್ತಾಯಿತೋ!

ಇನ್ನು ಹಾಲು. ಸೂಜಿ ಹಾಕಿದ ಮೇಲೆ ಹೇಳಿದಷ್ಟು ದಿನ ಆ ಹಾಲು ಬಳಸಬಾರದು. ಮನೆಯಲ್ಲಿ ಹೆಪ್ಪು ಹಾಕಿದರೆ ಬೆಳಿಗ್ಗೆಗೂ ನೀರು ನೀರು. ಹಾಲಲ್ಲಿ ಉಳಿದ ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾವನ್ನೇ ಮುಗಿಸಿರುತ್ತದೆ. ಪಾಪದ ಮೊಸರಿನದು ಸಾಯುತ್ತದೆ, ಕೆಚ್ಚಲಿನದು ಮೀಸೆ ತಿರುವುತ್ತದೆ. ಅತ್ತಿಗೆ ಪಾತ್ರೆ ಓರೆ ಮಾಡಿ ನೋಡಿ, "ಮಕ್ಕಳಿಗೆ ಈ ಹಾಲು ಬೇಡ" ಅಂತಾರೆ. ಹಾಗಂತ ಚೆಲ್ಲಲಿಕ್ಕೆ ಕೈ ಬರುತ್ತಾ? ಕ್ಯಾನು ಡೇರಿಗೆ. ಅಲ್ಲಿ ಫ್ಯಾಟ್ ನೋಡುತ್ತಾರೆ, ಡಿಗ್ರಿ ನೋಡುತ್ತಾರೆ. ಔಷಧಿಗೆ ಫ್ಯಾಟೂ ಇಲ್ಲ, ಡಿಗ್ರಿಯೂ ಇಲ್ಲ. ಪಾಸು! ಊರವರ ಮಕ್ಕಳಿಗೆ ಅಡ್ಡಿಲ್ಲೆ.

ಸರ್ಕಾರವೂ ಸುಮ್ನೆ ಕೂತಿಲ್ಲ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡ ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್ಕನ್ನು ಹಾಲು, ಮಾಂಸಕ್ಕೆ ಸಾಕುವ ಪ್ರಾಣಿಗಳಿಗೆಂದು ತಯಾರಿಸಿ ಮಾರುವುದನ್ನು 2019ರಲ್ಲಿ ನಿಷೇಧಿಸಿತು. ಪ್ರತಿ ನವೆಂಬರ್ 18ರಿಂದ 24ರವರೆಗೆ ಔಷಧಿಗೆ ಬಗ್ಗದ ರೋಗಾಣುಗಳ ಬಗ್ಗೆ ಜಾಗೃತಿ ಸಪ್ತಾಹವೂ ಇದೆ. ಬ್ಯಾನರು, ಭಾಷಣ, ಅವಲಕ್ಕಿ, ಚಾ. ಕೊಟ್ಟಿಗೆ ಒಣಗಿರಲಿ, ಸೊಪ್ಪು ಬದಲಿಸಿ, ಕೈ ತೊಳೆದು ಕರೆಯಿರಿ, ಕರೆದ ಮೇಲೆ ಮೊಲೆಯನ್ನು ಔಷಧಿ ನೀರಿನಲ್ಲಿ ಅದ್ದಿ, ಅರ್ಧ ಗಂಟೆ ಆಕಳನ್ನು ಮಲಗಲು ಬಿಡಬೇಡಿ ಅಂತ ಡಾಕ್ಟರು ಗಂಟಲು ಹರಿದುಕೊಳ್ಳುತ್ತಾರೆ. ಎಲ್ಲರೂ ತಲೆ ಆಡಿಸುತ್ತಾರೆ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಬೆಂಚಿನಿಂದ ಒಬ್ಬರು ಏಳುತ್ತಾರೆ.

"ಎಲ್ಲಾ ಸರಿ ಡಾಕ್ಟ್ರೇ, ಕೊಲಿಸ್ಟಿನ್‌ಗಿಂತ ಪವರ್ ಇರೋದು ಯಾವುದು ಬಂದಿದೆ ಈಗ?"