ಮೂವತ್ತು ಬೈಟಿನಲ್ಲಿ ದೊರೆಸ್ವಾಮಿ

ಮೈಸೂರು–ಬೆಂಗಳೂರು ರೈಲಿನಲ್ಲಿ ಪಕ್ಕದವರ ಫೋನಿನೊಳಗೆ ಇಣುಕುವುದು ಸಭ್ಯತೆಯಲ್ಲ, ನಿಜ. ಆದರೆ ಕಂಬಿ ಹಿಡಿದು ನಿಂತವರು ಕಣ್ಣನ್ನು ಇನ್ನೆಲ್ಲಿ ಇಟ್ಟುಕೊಳ್ಳಬೇಕು? ಶ್ರೀರಂಗಪಟ್ಟಣದ ಸೇತುವೆ ಮೇಲೆ ಗಾಡಿ ಧಡಧಡ ಎನ್ನುತ್ತಿದೆ. ಮದ್ದೂರು ವಡೆಯವನ ಕೂಗು ಪಕ್ಕದ ಬೋಗಿಯಿಂದಲೇ ಶುರುವಾಗಿದೆ. ಕಿಟಕಿ ಪಕ್ಕದ ಹುಡುಗನ ಪರದೆಯಲ್ಲಿ ಮಾತ್ರ ಹಾಡಿನ ಹೆಸರಿನಡಿ ಚಿನ್ನದ ಬಣ್ಣದ ಅಕ್ಷರಗಳು: ಫ್ಲ್ಯಾಕ್, 24 ಬಿಟ್, 96 ಕಿಲೋಹರ್ಟ್ಸ್. ಕತ್ತಿನಲ್ಲಿ ನೇತಾಡುತ್ತಿರುವುದು ಅಗ್ಗದ ಬ್ಲೂಟೂತ್ ನೆಕ್‌ಬ್ಯಾಂಡ್. ಮಂಡ್ಯ ಬರುವವರೆಗೂ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತೀರಿ.

ಫ್ಲ್ಯಾಕ್ ಅಂದರೆ ಧ್ವನಿಯ ಒಂದು ಚೂರೂ ಬಿಡದೆ ಮಡಚಿಡುವ ಫೈಲು. ಲೆಕ್ಕ ಇಷ್ಟೇ. 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೊ, ಅಂದರೆ ಎರಡೂ ಕಿವಿಗೆ ಸೆಕೆಂಡಿಗೆ 96,000 ಸಲ ಧ್ವನಿಯ ಅಳತೆ (ಸ್ಯಾಂಪಲ್), ಪ್ರತಿ ಅಳತೆಗೆ 24 ಬಿಟ್; ಬಿಚ್ಚಿದ ಮೇಲೆ ಸೆಕೆಂಡಿಗೆ 4,608 ಕಿಲೋಬಿಟ್. ಸಿ.ಡಿ.ಯದ್ದಾದರೆ 1,411. ನೆಕ್‌ಬ್ಯಾಂಡಿಗೆ ಹೋಗುವುದು ಸಾಮಾನ್ಯವಾಗಿ ಎಸ್‌ಬಿಸಿ ಕೋಡೆಕ್‌ನಲ್ಲಿ (ಕೋಡೆಕ್ ಅಂದರೆ ಧ್ವನಿಯನ್ನು ಅದುಮುವ, ಬಿಚ್ಚುವ ವಿಧಾನ), ಅದು ಚೆನ್ನಾಗಿದ್ದ ದಿನ 328. ಅಂದರೆ ಫೋನು ಆ ಭಾರೀ ಫೈಲನ್ನು ಬಿಚ್ಚಿ, ಸ್ಯಾಂಪಲ್ ದರ ಇಳಿಸಿ, ಮತ್ತೆ ಅದುಮಿ ಕಳಿಸುತ್ತದೆ. ಧ್ವನಿ ಸೋರುವಂಥ ಅದುಮುವಿಕೆಯಿಂದ ತಪ್ಪಿಸಿಕೊಳ್ಳಲೆಂದೇ ಫ್ಲ್ಯಾಕ್ ತಂದವರ ಕಿವಿಗೆ ಕೊನೆಗೆ ಬೀಳುವುದು ಅದುಮಿದ್ದೇ. ನಂಬಿಕೆ ಬಾರದವರು ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಲಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಹೆಡ್‌ಸೆಟ್ ಜೋಡಿಸಿಟ್ಟೇ ಅದರೊಳಗೆ ಬ್ಲೂಟೂತ್ ಆಡಿಯೊ ಕೋಡೆಕ್ ಎಂಬಲ್ಲಿ ನೋಡಬೇಕು, ಜೋಡಿಸದೆ ನೋಡಿದರೆ ಅರ್ಥವಿಲ್ಲ. ಎಸ್‌ಬಿಸಿಗಿಂತ ಹೆಚ್ಚು ಬಿಟ್ ಸಾಗಿಸುವ ಎಲ್‌ಡಿಎಸಿ ಕೋಡೆಕ್ ಇದ್ದವರು ಹಿಗ್ಗಬೇಕಾಗಿಲ್ಲ. ಅದರ 990 ಕಿಲೋಬಿಟ್ ಮನೆಯ ಸೋಫಾದ ಮೇಲಿನ ಮಾತು. ಕಿಕ್ಕಿರಿದ ಬೋಗಿಯಲ್ಲಿ ಅದನ್ನೇ ಹಟ ಹಿಡಿದು ಆರಿಸಿಟ್ಟರೆ ತಡೆತಡೆದು ಬರುತ್ತದೆ, ಫೋನಿಗೇ ಬಿಟ್ಟರೆ 660ಕ್ಕೋ 330ಕ್ಕೋ ಇಳಿಸುತ್ತದೆ.

ತಂತಿ ಇಯರ್‌ಫೋನ್ ಹಾಕಿಕೊಂಡರೆ? ಆಗಲೂ ರೈಲಿನ ಸದ್ದು ಇದ್ದೇ ಇದೆ. ಐವತ್ತು ದಾಟಿದ ಬಹುಮಂದಿಗೆ 14 ಕಿಲೋಹರ್ಟ್ಸ್‌ನಿಂದ ಮೇಲಿನದ್ದು ಕೇಳಿಸುವುದೇ ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಮನಸ್ತಾಪವಾಗುತ್ತದೆ. 'ನನಗೆ ವ್ಯತ್ಯಾಸ ಗೊತ್ತಾಗುತ್ತೆ' ಎನ್ನುವವರಿಗೆ ಕಂಪ್ಯೂಟರಿನಲ್ಲಿ ಫೂಬಾರ್2000 ಹಾಕಿ ಎಬಿಎಕ್ಸ್ ಪರೀಕ್ಷೆ ಮಾಡಿ ಅನ್ನಬಹುದು; ಯಾವುದು ಯಾವುದೆಂದು ಹೇಳದೆ ಕೇಳಿಸುತ್ತದೆ. ಈ ಸಲಹೆ ಕೊಟ್ಟ ಮೇಲೆ ಎರಡನೇ ಕಾಫಿ ಸಿಗುವ ಭರವಸೆಯಿಲ್ಲ.

ಹಾಗಂತ ಅದುಮಿದ್ದೆಲ್ಲ ಒಂದೇ ಎನ್ನುವವರ ಮೇಲೂ ಸಿಟ್ಟೇ. ಹಳೆಯ ಎನ್‌ಕೋಡರಿನಲ್ಲಿ (ಅದುಮುವ ತಂತ್ರಾಂಶದಲ್ಲಿ) 128 ಕಿಲೋಬಿಟ್‌ಗೆ ಇಳಿಸಿದ ಎಂಪಿ3ಯಲ್ಲಿ ಘಟಂ ಕೇಳಿ. ಪೆಟ್ಟು ಬೀಳುವುದಕ್ಕೆ ಕೂದಲೆಳೆಯಷ್ಟು ಮುಂಚೆಯೇ 'ಶ್‌' ಎಂದು ಏನೋ ಸವರಿದ ಹಾಗಾಗುತ್ತದೆ. ಧ್ವನಿಯನ್ನು ತುಂಡುತುಂಡಾಗಿ ಅದುಮುವಾಗ ಪೆಟ್ಟಿನ ತಪ್ಪು ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮೊದಲಿದ್ದ ಮೌನಕ್ಕೂ ಮೆತ್ತಿಕೊಳ್ಳುವುದು ಇದಕ್ಕೆ ಕಾರಣ. ತಾಳವಾದ್ಯಗಳೇ ನುಡಿಯುವ ತನಿ ಆವರ್ತನದಲ್ಲಿ ಇದು ತಲೆನೋವು, ವೀಣೆಯ ಮೀಟಿಗೂ ಅಂಟುತ್ತದೆ. ಇನ್ನೊಂದು ಕಾಟ: ಸಿ.ಡಿ.ಯಲ್ಲಿ ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕ್ ಮಾಡಿರುತ್ತಾರೆ. ಎಂಪಿ3 ಮಾಡುವಾಗ ಪ್ರತಿ ಫೈಲಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಲು ಬಾರದ ಪ್ಲೇಯರಿನಲ್ಲಿ ತಾನ ಮುಗಿದು ಪಲ್ಲವಿ ಎತ್ತುವಷ್ಟರಲ್ಲಿ ತಂಬೂರಿಗೆ ಬಿಕ್ಕಳಿಕೆ ಬಂದಿರುತ್ತದೆ. ಫ್ಲ್ಯಾಕ್‌ಗೆ, ಎಂಪಿ3ಗಿಂತ ಹೊಸ ಕೋಡೆಕ್ ಆದ ಓಪಸ್‌ಗೆ ಈ ರೋಗವಿಲ್ಲ.

ಆದರೂ ಫ್ಲ್ಯಾಕ್ ಪರವಾಗಿ ಹೇಳಬೇಕಾದ ನಿಜವಾದ ಮಾತನ್ನು ಯಾರೂ ಹೇಳುವುದಿಲ್ಲ. ಅದಕ್ಕೂ ಕಿವಿಗೂ ಸಂಬಂಧವಿಲ್ಲ. ಹೆಸರಿನ ವಿಷಯ ಅದು.

ಎಂಪಿ3 ಫೈಲಿನ ಬಾಲಕ್ಕೆ ಹಾಡಿನ ವಿವರ ಅಂಟಿಸುವ ಐಡಿ3 ಪದ್ಧತಿ ಶುರುವಾದದ್ದು 1996ರಲ್ಲಿ. ಒಟ್ಟು ಜಾಗ 128 ಬೈಟು. ಹಾಡಿಗೆ 30, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಹೀಗೆ ಸೈಟು ಹಂಚಿದ ಹಾಗೆ ಹಂಚಿದ್ದಾರೆ. ಇಂಗ್ಲಿಷಿಗೆ ಅಕ್ಷರಕ್ಕೊಂದು ಬೈಟು ಸಾಕು. ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡಕ್ಕೆ ಮೂರು ಬೇಕು, ಅದೂ ಕಾಗುಣಿತದ ಒಂದೊಂದು ಗುರುತಿಗೆ, ಅರ್ಧಾಕ್ಷರದ ಗುರುತಿಗೆ ಬೇರೆ ಬೇರೆ. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರನ್ನೇ ತೆಗೆದುಕೊಳ್ಳಿ. 'ದೊರೆಸ್ವಾಮಿ' ಎಂದು ಬರೆಯಿರಿ: ದ, ಅದರ ಓತ್ವ, ರ, ಏತ್ವ, ಸ, ಅರ್ಧ ಮಾಡುವ ಗುರುತು, ವ, ದೀರ್ಘ, ಮ, ಗುಡಿಸು. ಹತ್ತು ಗುರುತು, ಸರಿಯಾಗಿ 30 ಬೈಟು. ಅಯ್ಯಂಗಾರ್ ಪ್ಲಾಟ್‌ಫಾರಮ್ಮಿನಲ್ಲೇ ಉಳಿದರು. ಗೌರವಕ್ಕೆಂದು ಮುಂದೆ 'ವೀಣೆ' ಸೇರಿಸಿದರೆ ಇನ್ನೂ ಅನಾಹುತ. 'ವೀಣೆ ದೊರೆಸ' ಎನ್ನುವಷ್ಟರಲ್ಲಿ 28 ಬೈಟು ಖರ್ಚಾಗಿ, ಉಳಿದೆರಡರಲ್ಲಿ ಮುಂದಿನ ಗುರುತಿನ ಮೂರರಲ್ಲೆರಡು ಭಾಗವಷ್ಟೇ ಹಿಡಿಸಿ, ಪರದೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಮೈಸೂರು ಬಾನಿಯ ಅಂಥ ವೈಣಿಕರಿಗೆ ಇದು ಮರ್ಯಾದೆಯೆ? 'ಟಿ. ಚೌಡಯ್ಯ' ಒಬ್ಬರು 26 ಬೈಟಿನಲ್ಲಿ ಆರಾಮವಾಗಿ ಕುಳಿತು ನಾಲ್ಕು ಬೈಟು ಉಳಿಸಿಕೊಡುತ್ತಾರೆ. ಏಳು ತಂತಿಯ ಪಿಟೀಲು ಮಾತ್ರ ಹೊರಗಿಡಬೇಕು.

ಸಂಗೀತದ ಪ್ರಕಾರಕ್ಕೆ ಒಂದೇ ಬೈಟು. ಆ ಬೈಟು ಒಂದು ಸಿದ್ಧಪಟ್ಟಿಯಲ್ಲಿನ ಸಂಖ್ಯೆ. ಮೊದಲ ಪಟ್ಟಿಯಲ್ಲಿ 80 ಪ್ರಕಾರಗಳಿದ್ದವು. ಪೋಲ್ಕಾ ಇತ್ತು. ಕ್ರಿಶ್ಚಿಯನ್ ರ‍್ಯಾಪ್‌ಗೂ ಪ್ರತ್ಯೇಕ ನಂಬರ್ ಇತ್ತು. ಕರ್ನಾಟಕ ಸಂಗೀತಕ್ಕೆ ಇರಲಿಲ್ಲ. ಸುಗಮ ಸಂಗೀತ, ಕಂಸಾಳೆ, ದೇವರನಾಮದ ಮಾತಂತೂ ಬಿಡಿ. 'ಎಥ್ನಿಕ್' ಅಂತ ಒಂದು ಗೋಣಿಚೀಲ ಇತ್ತು, ಅದರೊಳಗೆ ತುಂಬಿದರು. ಈಗಲೂ ಹಳೆಯ ಫೈಲುಗಳನ್ನು ತೆರೆದರೆ ತ್ಯಾಗರಾಜರು, ಪುರಂದರದಾಸರು ಎಥ್ನಿಕ್ಕಾಗಿಯೇ ಕುಳಿತಿರುತ್ತಾರೆ.

ಐಡಿ3ಯ ಎರಡನೇ ಆವೃತ್ತಿ ಬಂದು ಜಾಗದ ತೊಂದರೆ ತಪ್ಪಿತು. ಆದರೆ ಹಳೆಯ ಕಾರ್ ಸ್ಟೀರಿಯೊಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಪರಿಹಾರ ಬೇಕಾದವರು ಎಂಪಿ3ಟ್ಯಾಗ್ ತಂತ್ರಾಂಶದ ಆಯ್ಕೆಗಳಲ್ಲಿ ಐಡಿ3 ವಿ2.3, ಯುಟಿಎಫ್-16 ಆರಿಸಿ, ಇಡೀ ಫೋಲ್ಡರನ್ನು ಒಮ್ಮೆ ಉಳಿಸಬೇಕು. ಅಷ್ಟಾದ ಮೇಲೂ ಕಾರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಡಬ್ಬಿಗಳ ಸಾಲು ಮೆರವಣಿಗೆ ಹೊರಡುತ್ತದೆ. ಫ್ಲ್ಯಾಕ್ ಮತ್ತು ಓಪಸ್ ಹುಟ್ಟಿನಿಂದಲೇ ಯುಟಿಎಫ್-8. ಉದ್ದದ ಚಿಂತೆಯಿಲ್ಲ. ರಾಗಕ್ಕೊಂದು, ತಾಳಕ್ಕೊಂದು, ಪಕ್ಕವಾದ್ಯದವರಿಗೊಂದು ಅಂತ ಬೇಕಾದಷ್ಟು ಅಂಕಣ ಮಾಡಿಕೊಳ್ಳಬಹುದು. ಅಂಕಣದ ತಲೆಬರಹ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗಿನದೆಲ್ಲ ಕನ್ನಡ. ಮೃದಂಗದವರ ಹೆಸರು ಪೂರ್ತಿ ಬರುತ್ತದೆ. ಇನಿಶಿಯಲ್ ಸಮೇತ.

ಫೋನಿನಲ್ಲಿ ಏನಿಟ್ಟುಕೊಳ್ಳಬೇಕು ಎಂಬಲ್ಲಿಗೆ ಬರೋಣ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಆಗುವಂಥ ಮೂರು ಗಂಟೆಯ ಕಚೇರಿ ಸಿ.ಡಿ. ಗುಣಮಟ್ಟದಲ್ಲಿ ಸುಮಾರು 1.9 ಜಿಬಿ. ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧದಿಂದ ಮೂರರಲ್ಲೆರಡು ಪಾಲು, 128 ಕಿಲೋಬಿಟ್ ಓಪಸ್ ಮಾಡಿದರೆ 175 ಎಂಬಿ. ಫ್ಲ್ಯಾಕ್ ಮನೆಯ ಡಿಸ್ಕಿನಲ್ಲಿರಲಿ, ಎರಡು ಪ್ರತಿ. ಅದರಿಂದ ತೆಗೆದ ಓಪಸ್ ಫೋನಿನಲ್ಲಿರಲಿ. ಕಾರಿಗೆ, ಹಳೆಯ ಪ್ಲೇಯರಿಗೆ ಎಂಪಿ3 ಬೇಕೇ ಬೇಕೆಂದರೆ ಲೇಮ್ ಎನ್‌ಕೋಡರಿನ ವಿ0, ಅಂದರೆ ಬಿಟ್ ದರ ಬೇಕಾದಂತೆ ಏರಿಳಿಯುವ ಬಗೆಯಲ್ಲಿ ಅದರ ಅತ್ಯುತ್ತಮ ಮಟ್ಟ. ಎಂಪಿ3ಯಿಂದ ಓಪಸ್, ಓಪಸ್‌ನಿಂದ ಎಎಸಿ ಎಂದು ಮಗುಚಿ ಹಾಕಬಾರದು, ಪ್ರತಿ ಸಲವೂ ಚೂರು ಸೋರುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದ್ದನ್ನು 24 ಬಿಟ್ ಫ್ಲ್ಯಾಕ್ ಮಾಡಿಕೊಂಡು ಫೋನಿಗೆ ತುಂಬುವವರಿಗೊಂದು ಕಿವಿಮಾತು: ಮುಂದೇನು ಬರುತ್ತದೆಂದು ಊಹಿಸಿ ಜಾಗ ಉಳಿಸುವುದು ಫ್ಲ್ಯಾಕ್‌ನ ಉಪಾಯ. ಟೇಪಿನ 'ಹಿಸ್' ಸದ್ದನ್ನು ಊಹಿಸಲಾಗುವುದಿಲ್ಲ. ಹಾಗಾಗಿ ಅಷ್ಟೊಂದು ಜಾಗದ ದೊಡ್ಡ ಪಾಲು ಹಿಸ್ ಅನ್ನು ಚಾಚೂ ತಪ್ಪದೆ ಕಾಪಾಡುವುದಕ್ಕೇ ಹೋಗುತ್ತದೆ.

ಕೊನೆಯ ಕಿರಿಕಿರಿ, ನಕಲಿ ಫ್ಲ್ಯಾಕ್. ಯಾರೋ ಪುಣ್ಯಾತ್ಮರು 128 ಕಿಲೋಬಿಟ್ ಎಂಪಿ3ಯನ್ನು ಫ್ಲ್ಯಾಕ್‌ಗೆ ಪರಿವರ್ತಿಸಿ ಹಂಚುತ್ತಾರೆ. ಮಂಡ್ಯದ ಆಲೆಮನೆಯ ಬೆಲ್ಲ ನೀರಲ್ಲಿ ಕದಡಿ ಕಬ್ಬಿನ ಹಾಲು ಅಂದ ಹಾಗೆ. ಧ್ವನಿಯ ಕಂಪನಾಂಕಗಳ ಚಿತ್ರ ಬಿಡಿಸುವ ಸ್ಪೆಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ಫೈಲು ತೆರೆದರೆ 16 ಕಿಲೋಹರ್ಟ್ಸ್ ಹತ್ತಿರ ಸ್ಕೇಲಿಟ್ಟು ಕೊಯ್ದಂತೆ ಚಿತ್ರ ನಿಂತಿರುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲೂ ಮೇಲಿನ ಸ್ವರಗಳಿರುವುದಿಲ್ಲ, ಆದರೆ ಅಲ್ಲಿ ಅಂಚು ನಿಧಾನಕ್ಕೆ ಮಾಸುತ್ತದೆ, ಕೊಯ್ದಿರುವುದಿಲ್ಲ. ಇಷ್ಟು ನೋಡದೆ ಬರೀ ಫೈಲಿನ ಪರೀಕ್ಷೆ ಓಡಿಸಿ ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಫ್ಲ್ಯಾಕ್ ತನ್ನೊಳಗೇ ಧ್ವನಿಯ ಬೆರಳಚ್ಚಿನಂಥ ಎಂಡಿ5 ಲೆಕ್ಕವೊಂದನ್ನು ಬರೆದಿಟ್ಟುಕೊಂಡಿರುತ್ತದೆ, ಮೆಮೊರಿ ಕಾರ್ಡ್ ಕೆಟ್ಟು ಧ್ವನಿಯಲ್ಲಿ ಒಂದು ಬಿಟ್ ಹೆಚ್ಚುಕಡಿಮೆಯಾದರೂ ಅದು ಹಿಡಿದುಕೊಡುತ್ತದೆ. ಬೆಲ್ಲದ ನೀರು ಮಾತ್ರ ಆ ಪರೀಕ್ಷೆಯಲ್ಲಿ ಪ್ರತಿ ಸಲವೂ ಪಾಸು.