ಬಟ್ಟೆ ಕಳಚುವ ಮುನ್ನ ಒಂದು ಗಂಟೆಯ ನಡಿಗೆ

ಗ್ರೀಸ್‌ನ ಕ್ರೀಟ್ ದ್ವೀಪದಿಂದ ಮರಳಿದೆವು ಎಂದು ಹಳೆಯ ಸಹಪಾಠಿಗಳ ಗುಂಪಿನಲ್ಲಿ ಬರೆದಾಗ, ಜನ ಬೆತ್ತಲೆಯಾಗಿ ಈಜುವ ಒಂದು ತೀರಕ್ಕೂ ಹೋಗಿದ್ದೆವು ಎಂಬ ಸಾಲನ್ನು ಸೇರಿಸಿದ್ದು ನನ್ನ ತಪ್ಪು. ಐದೇ ನಿಮಿಷದಲ್ಲಿ ಮೂವರಿಂದ ಒಂದೇ ಪ್ರಶ್ನೆ: “ಫೋಟೋ ಇದೆಯೇ?” ನಾಲ್ಕನೆಯವನು ಸ್ವಲ್ಪ ಸಭ್ಯ. “ಅತ್ತಿಗೆಯೂ ಬಂದಿದ್ದರೇ?” ಎಂದ. ಬಂದಿದ್ದಳು. ಮೊದಲು ನೀರಿಗಿಳಿದವಳೂ ಅವಳೇ. ನಾನು ಟವೆಲ್ ಬಿಗಿಯಾಗಿ ಸುತ್ತಿಕೊಂಡು, ಇಲ್ಲದ ಹಡಗನ್ನು ದೂರದಲ್ಲಿ ಹುಡುಕುತ್ತ ಕುಳಿತಿದ್ದೆ.

ಫೋಟೋ ಇಲ್ಲ. ಅಂಥ ಕಡೆ ಮೊಬೈಲ್ ಚೀಲದಿಂದ ಹೊರಬರಬಾರದು. ಅಲ್ಲಿ ಬಟ್ಟೆ ಇಲ್ಲದಿರುವುದಕ್ಕೆ ಯಾರೂ ತಿರುಗಿ ನೋಡುವುದಿಲ್ಲ, ಕ್ಯಾಮೆರಾ ಎತ್ತಿದರೆ ಎಲ್ಲರೂ ತಿರುಗುತ್ತಾರೆ.

ಜಾಗದ ಹೆಸರು ಗ್ಲಿಕಾ ನೆರಾ, ಅಂದರೆ ಸಿಹಿನೀರು. ಹೆಸರು ಹೇಳಿದ್ದರಿಂದ ಗುಟ್ಟೇನೂ ರಟ್ಟಾಗುವುದಿಲ್ಲ, ಪ್ರವಾಸಿ ನಕ್ಷೆಗಳಲ್ಲೆಲ್ಲ ಇದೆ. ಬೇಸಿಗೆಯಲ್ಲಿ ದೋಣಿಯೂ ಹೋಗುತ್ತದೆ. ರಸ್ತೆ ಮಾತ್ರ ಇಲ್ಲ. ಹೋರಾ ಸ್ಫಾಕಿಯೋನ್ ಎಂಬ ಪುಟ್ಟ ಬಂದರಿನಿಂದ ಪಶ್ಚಿಮಕ್ಕೆ ಡಾಂಬರು ರಸ್ತೆಯಲ್ಲಿ ನಡೆದು, ಅದು ಬೆಟ್ಟ ಹತ್ತಲು ತಿರುಗುವಲ್ಲಿ ಅದನ್ನು ಬಿಟ್ಟು ಇ-4 ಎಂಬ ಕಾಲುದಾರಿ ಹಿಡಿಯಬೇಕು. ಬಲಕ್ಕೆ ಬಂಡೆಯ ಗೋಡೆ, ಎಡಕ್ಕೆ ಕೆಳಗೆ ಲಿಬಿಯನ್ ಸಮುದ್ರ. ನೆರಳು ಎಂಬುದಿಲ್ಲ. ಒಂದು ಗಂಟೆ ಬೇಕು, ನನ್ನ ಮಂಡಿಗೆ ಒಂದೂಕಾಲು.

ತಲುಪಿದ ಮೇಲೆ ಹೆಸರಿನ ಅರ್ಥ ತಿಳಿಯಿತು. ಬೆನ್ನ ಹಿಂದೆ 2,400 ಮೀಟರ್ ಮೀರಿ ಎದ್ದ ಲೆಫ್ಕಾ ಓರಿ, ಎಂದರೆ ಬಿಳಿ ಬೆಟ್ಟಗಳು. ಅಲ್ಲಿನ ಮಳೆ ಮತ್ತು ಹಿಮದ ನೀರು ಸುಣ್ಣಕಲ್ಲಿನೊಳಗೆ ಇಳಿದು, ಕಡಲಿನ ಅಂಚಿನಲ್ಲಿ ಉರುಟುಗಲ್ಲುಗಳ ಕೆಳಗಿಂದ ಒಸರುತ್ತದೆ. ಅಲೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ ಕೈಯಿಂದ ಕಲ್ಲು ಸರಿಸಿದರೆ ತಣ್ಣನೆಯ ಕುಡಿಯುವ ನೀರು! ಈಜುವಾಗಲೂ ಬೆಚ್ಚಗಿನ ಉಪ್ಪುನೀರಿನ ನಡುವೆ ಫಕ್ಕನೆ ಒಂದು ತಣ್ಣನೆಯ ಪಟ್ಟಿ ಹೊಟ್ಟೆಗೆ ತಾಗುತ್ತದೆ. ಮೈಮೇಲೆ ಬಟ್ಟೆ ಇಲ್ಲದಾಗ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ, ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಗೆಳೆಯರ ಕಲ್ಪನೆಯನ್ನು ಕೆಡಿಸಲು ಹೇಳುತ್ತೇನೆ: ಅಲ್ಲಿದ್ದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಜೋಲುಹೊಟ್ಟೆ, ಎದೆಯ ನಡುವೆ ಶಸ್ತ್ರಚಿಕಿತ್ಸೆಯ ಗೆರೆ, ಬಿಸಿಲಿಗೆ ಚರ್ಮದ ಚಪ್ಪಲಿಯ ಬಣ್ಣಕ್ಕೆ ತಿರುಗಿದ ಬೆನ್ನು. ಒಬ್ಬರು ಪದಬಂಧ ಬಿಡಿಸುತ್ತಿದ್ದರು. ಒಬ್ಬಾಕೆ ಟೊಮೆಟೊ ಹೆಚ್ಚುತ್ತಿದ್ದಳು. ಪಕ್ಕದ ಟವೆಲ್ಲಿನ ಜರ್ಮನ್ ಅಜ್ಜ ನನ್ನ ಪಾಡು ಕಂಡು, ಬಿಸಿಲಿನ ಕ್ರೀಮ್ ಹಚ್ಚಿಕೊಳ್ಳಿ ಎಂದಷ್ಟೇ ಹೇಳಿ ಮತ್ತೆ ಮಲಗಿದರು.

ಇನ್ನು “ಇದೆಲ್ಲ ನಮ್ಮ ಸಂಸ್ಕೃತಿಯಲ್ಲ” ಎಂದ ಗುಂಪಿನ ಇನ್ನೊಬ್ಬನಿಗೆ. ಗ್ರೀಕರಲ್ಲಿ ‘ಗುಮ್ನೋಸ್’ ಎಂದರೆ ಬೆತ್ತಲೆ. ನೀನು ತಿಂಗಳ ಹಣ ಕಟ್ಟಿ ಹೋಗದೆ ಉಳಿದಿರುವ ಜಿಮ್ ಆ ಪದದಿಂದಲೇ ಬಂದದ್ದು. ಅಲೆಕ್ಸಾಂಡರನ ಜೊತೆ ತಕ್ಷಶಿಲೆಗೆ ಬಂದ ಗ್ರೀಕರು ಅಲ್ಲಿನ ದಿಗಂಬರ ಸಾಧಕರನ್ನು ಕಂಡು ಬೆರಗಾಗಿ, ‘ಬೆತ್ತಲೆ ಜ್ಞಾನಿಗಳು’ ಎಂದು ತಮ್ಮ ಭಾಷೆಯಲ್ಲಿ ಹೆಸರಿಟ್ಟುಕೊಂಡು ಹೋದರು.

ಗ್ರೀಸ್‌ನಲ್ಲಿ ಎಲ್ಲಿ ಬೇಕಾದರೂ ಬಟ್ಟೆ ಬಿಚ್ಚಬಹುದು ಎಂದುಕೊಳ್ಳಬೇಡಿ. ಅಲ್ಲಿನ 1983ರ ಕಾನೂನು ಅನುಮತಿ ಪಡೆದ ನೇಚರಿಸ್ಟ್ ಕೇಂದ್ರಗಳ, ಅಂದರೆ ಬಟ್ಟೆಯಿಲ್ಲದೆ ಇರಲು ಬಯಸುವವರ ತಾಣಗಳ ಕುರಿತದ್ದು. ಉಳಿದ ಕಡೆ ನಡೆಯುವುದು ರೂಢಿ, ಸಹನೆ ಮತ್ತು ಮುಖ್ಯವಾಗಿ ದೂರ. ಊರಿನಲ್ಲಿ ಕಪ್ಪು ಬಟ್ಟೆಯ ಅಜ್ಜಿಯರು ಚರ್ಚಿಗೆ ಹೋಗುತ್ತಾರೆ. ಅವರು ಇದನ್ನು ನೋಡಬೇಕಾಗಿಲ್ಲ, ಇಲ್ಲಿರುವವರು ಅವರಿಂದ ಅಡಗಬೇಕಾಗಿಲ್ಲ. ನಡುವೆ ಒಂದು ಗಂಟೆಯ ಬಿಸಿಲು ದಾರಿ ಇದೆ. ಕಾಲು ನೋಯಿಸಿಕೊಂಡು ಬರಿದೇ ಇಣುಕಲು ಬರುವವರು ಕಡಿಮೆ. ನನಗಂತೂ ಇದು ಯಾವ ಬೇಲಿಗಿಂತಲೂ ಒಳ್ಳೆಯ ಏರ್ಪಾಡು ಎನಿಸಿತು.

ರಸ್ತೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಗ್ರೀಸ್‌ನದೇ ಮೈಕೊನೋಸ್ ದ್ವೀಪ ಇದೆ. ಒಂದು ಕಾಲಕ್ಕೆ ಬೆತ್ತಲೆ ಈಜಿಗೆ ಹೆಸರಾಗಿದ್ದ ಪ್ಯಾರಡೈಸ್ ಬೀಚ್‌ನಲ್ಲಿ ಈಗ ಸಾಲು ಸಾಲು ಬಾಡಿಗೆ ಕುರ್ಚಿ, ಕಿವಿ ಒಡೆಯುವ ಸಂಗೀತ. 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ಜನ ಈ ಕುರ್ಚಿಗಳ ವಿರುದ್ಧವೇ ಬೀದಿಗಿಳಿದರು, ಪತ್ರಿಕೆಗಳು ಅದನ್ನು ಟವೆಲ್ ಚಳವಳಿ ಎಂದು ಕರೆದವು. ಮರುವರ್ಷ ಸರ್ಕಾರ 198 ತೀರಗಳಲ್ಲಿ ಕುರ್ಚಿ, ಕೊಡೆಗಳ ವ್ಯಾಪಾರವನ್ನು ನಿಷೇಧಿಸಿತು. ಕೇವಲ ಟವೆಲ್ ಹಾಸಲು ಜಾಗ ಬೇಕೆನ್ನುವ ಜಗಳದಲ್ಲಿ ನಾನು ಬಟ್ಟೆ ತೊಟ್ಟವರ ಪಕ್ಷವೂ ಹೌದು, ತೊಡದವರ ಪಕ್ಷವೂ ಹೌದು.

ಹುಡುಕುವವರಿಗೆ ಇಷ್ಟು ಸಾಕು: ರಸ್ತೆ ಮುಗಿದ ಮೇಲೂ ನಡೆಯಿರಿ. ತೀರದ ಕೊನೆಯ ತುದಿಗೆ ಹೋಗಿ. ಪ್ರಾರ್ಥನಾ ಮಂದಿರ ಕಾಣುವಲ್ಲಿ, ಮಕ್ಕಳಿರುವ ಕುಟುಂಬಗಳ ಬಳಿ ಬೇಡ. ಊಟದ ಜಾಗಕ್ಕೆ ಹೋಗುವಾಗ ಏನಾದರೂ ಸುತ್ತಿಕೊಳ್ಳಿ. ನೀರು ಒಯ್ಯಿರಿ, ಎಲ್ಲ ತೀರಗಳೂ ಸಿಹಿನೀರು ಕೊಡುವುದಿಲ್ಲ. ಮೂರನೆಯ ದಿನ ನಮಗೆ ಸಿಕ್ಕ ಇನ್ನೊಂದು ಕಿರುತೀರದಲ್ಲಿ ಎರಡು ಮೇಕೆಗಳ ಹೊರತು ಯಾರೂ ಇರಲಿಲ್ಲ. ಅದರ ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಮನೆಯಾಕೆ ಈ ಬರಹಕ್ಕೆ ಒಪ್ಪಿದ್ದಾಳೆ.

ಗ್ಲಿಕಾ ನೆರಾದಿಂದ ಸಂಜೆಯ ದೋಣಿಯಲ್ಲಿ ಹಿಂದಿರುಗಿ ಬಂದರಿನ ಹೋಟೆಲಿನಲ್ಲಿ ಕುಳಿತಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು ನಮ್ಮತ್ತ ಕೈ ಬೀಸಿದರು. ಯಾರಿಗೋ ಬೀಸುತ್ತಿದ್ದಾರೆ ಎಂದು ನಾನು ಹಿಂದೆ ತಿರುಗಿ ನೋಡಿದೆ. “ಕ್ರೀಮ್ ಅಜ್ಜ” ಎಂದಳು ಇವಳು. ಬಟ್ಟೆ ಹಾಕಿಕೊಂಡಿದ್ದರಿಂದ ಗುರುತೇ ಸಿಕ್ಕಿರಲಿಲ್ಲ.